ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೋ: ವಿಮಾನ ಮಾರ್ಗದ ದೂರ ಮತ್ತು ಪ್ರಯಾಣದ ಅವಧಿ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಗಣನೀಯ ಸಂಖ್ಯೆಯ ಕನ್ನಡಿಗರು ನೆಲೆಸಿರುತ್ತಾರೆ. ಅವರ ಆಗಮನದ ದಿನ ಹಾಗೂ ವೇಳೆಯನ್ನು ನಿಖರವಾಗಿ ಲೆಕ್ಕ ಹಾಕಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ದೂರ:
ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಭೂಗೋಳದ ಮೇಲಿನ ಅತಿ ಕಡಿಮೆ ದೂರ ಸುಮಾರು 14,000 ಕಿ.ಮೀ. ಈ ರೇಖೆಯು ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಹಾಗೂ ಅಲಾಸ್ಕಾಗಳ ಮೇಲೆ ಹಾದುಹೋಗುತ್ತದೆ. ಗಾಳಿ, ಹವಾಮಾನ ಮತ್ತು ವಾಯುಪ್ರದೇಶದ ಅನುಮತಿಗೆ ಅನುಸಾರವಾಗಿ ವಾಸ್ತವಿಕ ಮಾರ್ಗವು ಇದಕ್ಕಿಂತ ದೀರ್ಘವಾಗಬಹುದು.

ಅವಧಿ:
ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಈ ದೂರವನ್ನು ಕ್ರಮಿಸಲು ಹದಿನೈದೂವರೆ ಗಂಟೆ ಬೇಕು. ನೆಲದ ಮೇಲಿನ ಚಲನೆ, ಏರಿಕೆ, ಇಳಿಕೆ ಹಾಗೂ ಮಾರ್ಗದ ಬಳಸು ಸೇರಿ ತಡೆರಹಿತ ಪ್ರಯಾಣಕ್ಕೆ 16ರಿಂದ 18 ಗಂಟೆ ಹಿಡಿಯುತ್ತದೆ. ಮಾರ್ಗಮಧ್ಯೆ ವಿಮಾನ ಬದಲಿಸುವವರಿಗೆ ಸಾಮಾನ್ಯವಾಗಿ 20 ಗಂಟೆಗಳಿಗೂ ಮೇಲ್ಪಟ್ಟು ಬೇಕಾಗುತ್ತದೆ. ತಡೆರಹಿತ ಸೇವೆಗಳು ಕಾಲಕಾಲಕ್ಕೆ ಬದಲಾಗುವುದರಿಂದ ವಿಮಾನ ಸಂಸ್ಥೆಗಳಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಕಾಲಮಾನದ ವ್ಯತ್ಯಾಸ:
ಮಾರ್ಚ್ ತಿಂಗಳ ಎರಡನೇ ಭಾನುವಾರದಿಂದ ನವೆಂಬರ್ ತಿಂಗಳ ಮೊದಲನೇ ಭಾನುವಾರದವರೆಗೆ ಭಾರತೀಯ ಕಾಲಮಾನವು ಹನ್ನೆರಡೂವರೆ ಗಂಟೆ ಮುಂದಿದ್ದು, ಉಳಿದ ಅವಧಿಯಲ್ಲಿ ಹದಿಮೂರೂವರೆ ಗಂಟೆ ಮುಂದಿರುತ್ತದೆ.

ನಿದರ್ಶನ:
ಏರ್ ಇಂಡಿಯಾ ಸಂಸ್ಥೆಯ ಪ್ರಥಮ ತಡೆರಹಿತ ವಿಮಾನವು 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವ ಪ್ರದೇಶದ ಮೇಲೆ ಹಾದು, 11ರ ಸೋಮವಾರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ವಿಮಾನವನ್ನು ಚಲಾಯಿಸಿದವರೆಲ್ಲರೂ ಮಹಿಳೆಯರೇ ಆಗಿದ್ದರು. ಪ್ರಯಾಣ ಸುಮಾರು 17 ಗಂಟೆಗಳದ್ದಾದರೂ ಭಾನುವಾರವೆಂಬುದು ಪ್ರಯಾಣಿಕರಿಗೆ ಆಕಾಶದಲ್ಲಿಯೇ ಕಳೆಯಿತು. ಇದಕ್ಕೆ ವಿರುದ್ಧವಾಗಿ, ಬೇಸಿಗೆಯಲ್ಲಿ ಬುಧವಾರ ಮಧ್ಯಾಹ್ನ 2 ಗಂಟೆಗೆ ಬೆಂಗಳೂರಿನಿಂದ ಹೊರಟು 17 ಗಂಟೆ ಪ್ರಯಾಣಿಸಿದವರು ಅದೇ ಬುಧವಾರ ಸಂಜೆ 6.30ಕ್ಕೆ ಅಲ್ಲಿಗೆ ತಲುಪುತ್ತಾರೆ.

ಕುಟುಂಬದವರ ಗಮನಕ್ಕೆ:
ತಂದೆ ತಾಯಿಯರ ತೀವ್ರ ಅನಾರೋಗ್ಯ ಅಥವಾ ನಿಧನದ ಸಂದರ್ಭದಲ್ಲಿ ಈ ಲೆಕ್ಕ ತಪ್ಪುವುದುಂಟು. ಸೋಮವಾರ ರಾತ್ರಿ ಅಲ್ಲಿಂದ ಹೊರಡುವ ಮಗ ಅಥವಾ ಮಗಳು ತಡೆರಹಿತ ವಿಮಾನದಲ್ಲಿ ಬಂದರೂ ಬುಧವಾರ ನಸುಕಿಗೆ ಮುನ್ನ ಬೆಂಗಳೂರು ತಲುಪುವುದು ಸಾಧ್ಯವಿರುವುದಿಲ್ಲ. ಮಂಗಳವಾರವೇ ಬರುವರೆಂದು ಭಾವಿಸಿ ಅಂತ್ಯಕ್ರಿಯೆಯ ವೇಳೆಯನ್ನು ನಿಗದಿಪಡಿಸಿದಲ್ಲಿ ಅವರಿಗೆ ಅಂತಿಮ ದರ್ಶನ ತಪ್ಪುತ್ತದೆ. ವಲಸೆ ತಪಾಸಣೆ, ಸಾಮಾನು ಪಡೆಯುವಿಕೆ ಹಾಗೂ ಸ್ವಂತ ಊರಿನವರೆಗಿನ ರಸ್ತೆ ಪ್ರಯಾಣದ ವೇಳೆಯನ್ನೂ ಇದಕ್ಕೆ ಸೇರಿಸಿಕೊಳ್ಳತಕ್ಕದ್ದು.

ಟಿಕೆಟ್‌ನಲ್ಲಿ ನಮೂದಿಸಿರುವ ವೇಳೆಯು ಆಯಾ ವಿಮಾನ ನಿಲ್ದಾಣದ ಸ್ಥಳೀಯ ಕಾಲಮಾನವಾಗಿರುತ್ತದೆ. ಆದುದರಿಂದ ಹೊರಡುವ ದಿನಾಂಕವನ್ನಲ್ಲದೆ, ಬೆಂಗಳೂರು ತಲುಪುವ ದಿನಾಂಕವನ್ನು ಕೇಳಿ ಬರೆದುಕೊಳ್ಳುವಂತೆ ಸಾರ್ವಜನಿಕರನ್ನು ಕೋರಲಾಗಿದೆ.