ರೇಡಿಯಸ್ ಡೀಮನ್‌ನ ಮೂರು ದಶಕ

ಜಾಲದೊಳಗೆ ಬರುವವರನ್ನು ಪರಿಶೀಲಿಸುವ ರೇಡಿಯಸ್ ವಿಧಾನ ಹುಟ್ಟಿದ್ದು 1991ರಲ್ಲಿ, ಮೋಡೆಮ್‌ಗಳ ಕಾಲದಲ್ಲಿ. ಅಮೆರಿಕದ ಮಿಶಿಗನ್‌ನಲ್ಲಿ ವಿಶ್ವವಿದ್ಯಾಲಯಗಳ ಜಾಲ ನಡೆಸುತ್ತಿದ್ದ ಮೆರಿಟ್ ನೆಟ್‌ವರ್ಕ್, ಬೇರೆ ಬೇರೆ ಊರುಗಳಿಂದ ಫೋನ್ ಮೂಲಕ ಒಳಬರುವವರನ್ನು ಒಂದೇ ಕಡೆಯಿಂದ ನಿಭಾಯಿಸುವ ದಾರಿ ಹುಡುಕುತ್ತಿತ್ತು. ಉತ್ತರ ಕೊಟ್ಟದ್ದು ಕ್ಯಾಲಿಫೋರ್ನಿಯಾದ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್. ಮೋಡೆಮ್‌ಗಳೆಲ್ಲ ಬಂದು ಸೇರುತ್ತಿದ್ದ ಅದರ ಪೋರ್ಟ್‌ಮಾಸ್ಟರ್ ಪೆಟ್ಟಿಗೆಗಳಲ್ಲಿ ಪಾಸ್‌ವರ್ಡ್ ಪಟ್ಟಿ ತುಂಬಿಡುವ ಬದಲು, ಪಟ್ಟಿಯನ್ನು ಯುನಿಕ್ಸ್ ಯಂತ್ರದ ಹಿನ್ನೆಲೆಯಲ್ಲಿ ಓಡುವ ಒಂದು ಡೀಮನ್‌ಗೆ ಒಪ್ಪಿಸಲಾಯಿತು. ಪೆಟ್ಟಿಗೆ ಕೇಳಬೇಕು, ಡೀಮನ್ ಹೇಳಬೇಕು: ಬಿಡು, ಬಿಡಬೇಡ, ಇಲ್ಲವೇ ಇನ್ನೊಂದು ಪ್ರಶ್ನೆ ಕೇಳು. ಯಾರು ಎಷ್ಟು ಹೊತ್ತು ಇದ್ದರೆಂಬ ಲೆಕ್ಕವೂ ಅದರದೇ; ಬಿಲ್ ಹಾಕುವ ಕಂಪನಿಗಳಿಗೆ ಬೇಕಾಗಿದ್ದದ್ದು ಮುಖ್ಯವಾಗಿ ಇದು.

ಸಂದೇಶಗಳು ಹೋಗುವುದು, ತಲುಪುವ ಖಾತರಿ ಕೊಡದ ಯುಡಿಪಿಯಲ್ಲಿ. ಉತ್ತರ ಬಾರದಿದ್ದರೆ ಪೆಟ್ಟಿಗೆ ಮತ್ತೆ ಕೇಳುತ್ತದೆ, ಇಲ್ಲವೇ ಎರಡನೆಯ ಸರ್ವರ್‌ನತ್ತ ತಿರುಗುತ್ತದೆ. ಪಾಸ್‌ವರ್ಡನ್ನು 16 ಬೈಟ್‌ಗಳ ತುಂಡುಗಳಾಗಿ ಕತ್ತರಿಸಿ, ಎರಡೂ ಕಡೆಗೆ ಮಾತ್ರ ಗೊತ್ತಿರುವ ಗುಟ್ಟಿನ ಪದದಿಂದ ಎಂಡಿ5 ಎಂಬ ಹ್ಯಾಶ್ ಲೆಕ್ಕ ಹಾಕಿ ಮರೆಮಾಚಲಾಗುತ್ತಿತ್ತು. ಬಳಕೆದಾರರ ಹೆಸರು ಮಾತ್ರ ತೆರೆದೇ ಸಾಗುತ್ತಿತ್ತು. ಆಗಿನ ಮಟ್ಟಿಗೆ ಇದು ಸಾಕೆನಿಸಿತ್ತು.

ಲಿವಿಂಗ್‌ಸ್ಟನ್‌ನ ಕಾರ್ಲ್ ರಿಗ್ನಿ ಮತ್ತು ಸಂಗಡಿಗರು ಬರೆದ ವಿವರಣೆ ಅಂತರ್ಜಾಲದ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 2058 ಆಗಿ ಹೊರಬಂದದ್ದು 1997ರಲ್ಲಿ. ಆ ಹೊತ್ತಿಗೆ ಬಳಕೆಯಲ್ಲಿದ್ದ 1645ನೇ ಪೋರ್ಟ್ ಬೇರೊಂದು ಸೇವೆಗೆ ಮೀಸಲಾಗಿದ್ದರಿಂದ 1812ಕ್ಕೆ ಬದಲಾಯಿಸಬೇಕಾಯಿತು. ಹಳೆಯ ಸಂಖ್ಯೆ ಮಾತ್ರ ಸುಲಭಕ್ಕೆ ಬಿಟ್ಟುಹೋಗಲಿಲ್ಲ.

ಲಿವಿಂಗ್‌ಸ್ಟನ್ ತನ್ನ ಸರ್ವರ್‌ನ ಮೂಲ ಕೋಡನ್ನು ಹಂಚಿದ್ದರಿಂದ ಅದರ ಹಲವು ಕವಲುಗಳು ಹುಟ್ಟಿಕೊಂಡವು. ಅವುಗಳಲ್ಲೊಂದಾದ ಸಿಸ್ಟ್ರಾನ್ ರೇಡಿಯಸನ್ನು ಮಿಕೆಲ್ ವಾನ್ ಸ್ಮೂರೆನ್‌ಬರ್ಗ್ ರೂಪಿಸಿದರು; 1999ರಲ್ಲಿ ಅವರು ಅಲನ್ ಡಿಕಾಕ್ ಜೊತೆ ಸೇರಿ ಫ್ರೀರೇಡಿಯಸ್ ಆರಂಭಿಸಿದರು. ಲಿನಕ್ಸ್ ಆಡಳಿತಗಾರರಿಗೆ ಇದರ ಒಂದು ಸೌಲಭ್ಯ ಅಚ್ಚುಮೆಚ್ಚು. ಲಾಗಿನ್ ಕೈಕೊಟ್ಟರೆ ಸೇವೆಯನ್ನು ನಿಲ್ಲಿಸಿ, ಟರ್ಮಿನಲ್‌ನಲ್ಲಿ ದೊಡ್ಡಕ್ಷರದ ಎಕ್ಸ್ ಆಯ್ಕೆಯೊಂದಿಗೆ ಡೀಮನ್ನನ್ನು ಕೈಯಾರೆ ಓಡಿಸಿದರಾಯಿತು. ಬಂದ ಕೋರಿಕೆ, ಹೊಂದಿಕೆಯಾದ ನಿಯಮ, ತಿರಸ್ಕಾರದ ಕಾರಣ ಎಲ್ಲವೂ ಸಾಲುಸಾಲಾಗಿ ಪರದೆಯ ಮೇಲೆ ಬೀಳುತ್ತವೆ.

ಮೋಡೆಮ್ ಮರೆಯಾದರೂ ಡೀಮನ್ ಉಳಿಯಿತು. ಕಚೇರಿ ವೈಫೈ ಬಂದಾಗ ಪೋರ್ಟ್‌ಮಾಸ್ಟರ್‌ನ ಜಾಗದಲ್ಲಿ ಆಕ್ಸೆಸ್ ಪಾಯಿಂಟ್ ಕೂತಿತು, ಅಷ್ಟೆ. ಯುರೋಪಿನಲ್ಲಿ ಶುರುವಾದ, ವಿಶ್ವವಿದ್ಯಾಲಯಗಳು ಹಂಚಿಕೊಳ್ಳುವ ಎಡುರೋಮ್ ವೈಫೈ ಜಾಲದಲ್ಲಿ ಅತಿಥಿ ವಿದ್ಯಾರ್ಥಿಯ ಕೋರಿಕೆ ಒಂದು ರೇಡಿಯಸ್ ಸರ್ವರ್‌ನಿಂದ ಇನ್ನೊಂದಕ್ಕೆ ದಾಟಿ ಅವನ ತವರು ವಿಶ್ವವಿದ್ಯಾಲಯವನ್ನೇ ತಲುಪುತ್ತದೆ.

ಹಳೆಯ ಎಂಡಿ5 ಕೂಡ ಉಳಿದುಕೊಂಡಿತ್ತು. ಅದರ ದೌರ್ಬಲ್ಯವನ್ನೇ ಬಳಸಿ, 2024ರ ಜುಲೈನಲ್ಲಿ ಪ್ರಕಟವಾದ ಬ್ಲಾಸ್ಟ್‌ರೇಡಿಯಸ್ ದಾಳಿ, ನಡುವೆ ಕೂತವನು ಗುಟ್ಟಿನ ಪದ ತಿಳಿಯದೆಯೇ 'ಬಿಡಬೇಡ' ಎಂಬ ಉತ್ತರವನ್ನು 'ಬಿಡು' ಎಂದು ತಿರುಚಬಹುದೆಂದು ತೋರಿಸಿತು. ವೈಫೈ ಲಾಗಿನ್‌ನಲ್ಲಿ ಬಳಸುವ ಇಎಪಿ ವಿಧಾನ ಪ್ರತಿ ಸಂದೇಶಕ್ಕೂ ದೃಢೀಕರಣ ಮುದ್ರೆ ಕೇಳುವುದರಿಂದ ಪಾರಾಯಿತು. ಉಳಿದ ಕಡೆಗಳಿಗೂ ಅದೇ ಮುದ್ರೆಯನ್ನು ಕಡ್ಡಾಯ ಮಾಡಬೇಕೆಂದೂ, ಸಾಧ್ಯವಾದಲ್ಲಿ ಸಂದೇಶಗಳನ್ನು ಟಿಎಲ್‌ಎಸ್ ಗೂಢಲಿಪೀಕರಣದ ಒಳಗೇ ಸಾಗಿಸಬೇಕೆಂದೂ ಸೂಚಿಸಲಾಯಿತು.