ದಾರಿ ಹುಡುಕುವ ಗಣಿತ: ವಾಡಿ ಜಂಕ್ಷನ್ನಿನಿಂದ ಚಂದ್ರನವರೆಗೆ

ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ದೂರವಾಣಿಯಲ್ಲಿ, "ರೋಬೋಟಿಗೆ ದಾರಿ ಹುಡುಕಿ ಕೊಡೋದೇ ನನ್ನ ಕೆಲಸ ರೀ ಸರ" ಎಂದ. ಅದೂ ಒಂದು ಶಾಸ್ತ್ರವೇ ಎಂದು ಮನೆಯವರು ಕೇಳಿದರು. ಹೌದು, ಅದಕ್ಕೆ ಸುಮಾರು ಎಪ್ಪತ್ತು ವರ್ಷಗಳ ಇತಿಹಾಸವಿದೆ. ಅದನ್ನು ಅರಿಯಲು ನಮ್ಮ ಐದು ಊರುಗಳ ನಕ್ಷೆಯೇ ಸಾಕು.

ಮುಂಬಯಿ ಕಡೆಯಿಂದ ಬಂದ ರೈಲು ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಶಹಾಬಾದ ಮತ್ತು ವಾಡಿ ಆ ಮಾರ್ಗದಲ್ಲಿದ್ದವು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಸಿಕಂದರಾಬಾದನ್ನು ತಲುಪಿತು. ವಾಡಿ ಜಂಕ್ಷನ್ ಆಯಿತು. ಚಿಂಚೋಳಿ ಎರಡೂ ಹಳಿಗಳಿಂದ ದೂರವೇ ಉಳಿಯಿತು. ಈಗ ಊರುಗಳನ್ನು ಬಿಂದುಗಳೆಂದೂ ದಾರಿಗಳನ್ನು ಗೆರೆಗಳೆಂದೂ ಬರೆದು, ಪ್ರತಿ ಗೆರೆಯ ಮೇಲೆ ದೂರವನ್ನು ನಮೂದಿಸಿರಿ. ಗಣಿತಜ್ಞರು ಗ್ರಾಫ್ ಎನ್ನುವುದು ಇದನ್ನೇ.

ಇಂತಹ ಚಿತ್ರದಲ್ಲಿ ಅತಿ ಹತ್ತಿರದ ದಾರಿಯನ್ನು ಹುಡುಕುವ ವಿಧಾನವನ್ನು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1956ರಲ್ಲಿ ಕಂಡುಕೊಂಡರು. ಆಂಸ್ಟರ್‌ಡ್ಯಾಮಿನ ಒಂದು ಕೆಫೆಯಲ್ಲಿ ಕುಳಿತು, ಕಾಗದ ಲೇಖನಿಗಳಿಲ್ಲದೆ, ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಹೊಳೆದ ಉಪಾಯವದು, ಪ್ರಕಟವಾದದ್ದು 1959ರಲ್ಲಿ. ಶಹಾಬಾದದಿಂದ ಸೇಡಂಗೆ ಹೋಗಬೇಕೆನ್ನಿ. ಈ ವಿಧಾನವು ಮೊದಲು ತೀರ ಹತ್ತಿರದ ಊರನ್ನು, ಅನಂತರ ಅದಕ್ಕಿಂತ ಸ್ವಲ್ಪ ದೂರದ ಊರನ್ನು ಗುರುತಿಸುತ್ತ, ಕೆರೆಯಲ್ಲಿ ಕಲ್ಲೆಸೆದಾಗ ಏಳುವ ಅಲೆಯಂತೆ ಎಲ್ಲ ದಿಕ್ಕಿಗೂ ಹರಡುತ್ತದೆ. ಉತ್ತರ ತಪ್ಪುವುದಿಲ್ಲ. ಆದರೆ ಸೇಡಂಗೆ ಹೊರಟವನು ಕಲಬುರಗಿಯ ದಿಕ್ಕನ್ನೂ ಶೋಧಿಸಿ ಬರಬೇಕಾಗುತ್ತದೆ.

ಈ ವ್ಯರ್ಥ ಶ್ರಮವನ್ನು ತಗ್ಗಿಸಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಹಾರ್ಟ್, ನಿಲ್ಸನ್ ಮತ್ತು ರಾಫೆಲ್. ಅಲ್ಲಿ 'ಶೇಕಿ' ಎಂಬ ಚಲಿಸುವ ರೋಬೋಟಿನ ಮೇಲೆ ಕೆಲಸ ನಡೆದಿತ್ತು. 1968ರಲ್ಲಿ ಅವರು ಪ್ರಕಟಿಸಿದ 'ಎ-ಸ್ಟಾರ್' ವಿಧಾನವು, ನಡೆದು ಬಂದ ದೂರಕ್ಕೆ ಗುರಿಯವರೆಗಿನ ಅಂದಾಜು ದೂರವನ್ನು ಕೂಡಿಸುತ್ತದೆ. ಕಾಗೆ ಹಾರಿದಂತೆ ನೇರ ಅಳತೆ ಹಿಡಿದರೂ ಸಾಕು. ಮೊತ್ತ ಕಡಿಮೆ ಬಂದ ಕಡೆಗೆ ಮೊದಲು ನೋಡುವುದು. ಅಂದಾಜು ಎಂದೂ ನಿಜವಾದ ದೂರವನ್ನು ಮೀರಬಾರದು. ಈ ನಿಯಮ ಪಾಲಿಸಿದರೆ ಸಿಗುವ ದಾರಿ ಅತಿ ಹತ್ತಿರದ್ದೇ ಎಂದು ಸಿದ್ಧಪಡಿಸಬಹುದು.

ಆದರೆ ದಾರಿ ನಡುವೆ ಬದಲಾದರೆ? ಸೇಡಂನಿಂದ ಕಲಬುರಗಿಗೆ ಹೊರಟ ಬಸ್ಸು ಮಳಖೇಡದ ಬಳಿಗೆ ಬಂದಾಗ ಕಾಗಿಣಾ ಉಕ್ಕಿ ಸೇತುವೆ ಮುಳುಗಿದೆ ಎನ್ನಿ. ಮಳೆಗಾಲದಲ್ಲಿ ನಾವೆಲ್ಲ ಕಂಡ ಸಂಗತಿಯೇ. ಚಾಲಕನು ಇಡೀ ಪ್ರಯಾಣವನ್ನು ಮೊದಲಿನಿಂದ ಯೋಚಿಸುವುದಿಲ್ಲ; ನಿಂತಲ್ಲಿಂದ ಮುಂದಿನದನ್ನಷ್ಟೇ ತಿದ್ದಿಕೊಳ್ಳುತ್ತಾನೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಂಥನಿ ಸ್ಟೆಂಟ್ಜ್ 1994ರಲ್ಲಿ ಪ್ರಕಟಿಸಿದ 'ಡಿ-ಸ್ಟಾರ್' ವಿಧಾನದ ಸಾರವೂ ಇದೇ: ಹೊಸ ಅಡ್ಡಿ ಕಂಡಾಗ ಹಳೆಯ ಲೆಕ್ಕದಲ್ಲಿ ಕೆಟ್ಟ ಭಾಗವನ್ನು ಮಾತ್ರ ದುರಸ್ತಿ ಮಾಡುವುದು.

ನಮ್ಮ ದೇಶದ ಯಂತ್ರವೊಂದು ಅಡ್ಡಿ ಕಂಡು ಹಿಂದಿರುಗಿದ ಪ್ರಸಂಗವೂ ಇದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. 26 ಕಿಲೋ ತೂಕದ, ಆರು ಚಕ್ರಗಳ 'ಪ್ರಜ್ಞಾನ್' ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ಸಾಗುತ್ತಿತ್ತು. ಅದರ ಕ್ಯಾಮೆರಾ ಕಳುಹಿಸಿದ ಚಿತ್ರಗಳಿಂದ ಇಸ್ರೋ ತಂಡವು ನೆಲದ ಏರುತಗ್ಗುಗಳ ನಕ್ಷೆ ರಚಿಸಿ, ದಾರಿ ನಿಶ್ಚಯಿಸಿ, ಆಜ್ಞೆ ಕಳುಹಿಸುತ್ತಿತ್ತು. ಆ ನಕ್ಷೆ ಒಮ್ಮೆಗೆ ಹೆಚ್ಚೆಂದರೆ ಐದು ಮೀಟರಿನವರೆಗೆ ಮಾತ್ರ. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ, ನಾಲ್ಕು ಮೀಟರ್ ವ್ಯಾಸದ ಕುಳಿ ಕಂಡಿತು. ಬಂದ ದಾರಿಯಲ್ಲೇ ಹಿಂದಿರುಗಲು ಆಜ್ಞೆ ಹೋಯಿತು. ಪ್ರಜ್ಞಾನ್ ಸುರಕ್ಷಿತವಾಗಿ ಹೊಸ ದಾರಿ ಹಿಡಿದು, ಒಟ್ಟು ನೂರು ಮೀಟರಿಗೂ ಹೆಚ್ಚು ಸಂಚರಿಸಿತು.

ಇಷ್ಟಾದರೂ ಈ ಶಾಸ್ತ್ರಕ್ಕೊಂದು ಮಿತಿಯಿದೆ. ರೈಲು ನಕ್ಷೆಯನ್ನು ಯಂತ್ರಕ್ಕೆ ಕೊಟ್ಟು ಚಿಂಚೋಳಿಗೆ ದಾರಿ ಕೇಳಿದರೆ, "ದಾರಿಯಿಲ್ಲ" ಎಂದಷ್ಟೇ ಅದು ಹೇಳೀತು. ಹಳಿ ಹಾಕಬೇಕೇ ಎಂಬ ಪ್ರಶ್ನೆ ಅದಕ್ಕೆ ಹೊಳೆಯುವುದಿಲ್ಲ. 1874ರ ಹಳಿಯ ಉದ್ದೇಶ ಹೈದರಾಬಾದನ್ನು ಮುಂಬಯಿ ಮಾರ್ಗಕ್ಕೆ ಜೋಡಿಸುವುದಾಗಿತ್ತು. ಅದರ ಫಲವಾಗಿ ಶಹಾಬಾದದ ಕಲ್ಲು, ವಾಡಿಯ ಸಿಮೆಂಟು ರೈಲು ಹತ್ತಿ ದೂರ ದೂರಕ್ಕೆ ಹೋದವು. ಚಿಂಚೋಳಿಯ ನನ್ನ ವಿದ್ಯಾರ್ಥಿಗಳು ಕಾಲೇಜಿಗೆ ಹೋಗಲು ಬಸ್ಸನ್ನೇ ಕಾದರು.

ಇರುವ ದಾರಿಗಳಲ್ಲಿ ಒಳ್ಳೆಯದನ್ನು ಯಂತ್ರ ಆರಿಸಿಕೊಟ್ಟೀತು. ಇಲ್ಲದ ದಾರಿಯನ್ನು ನಕ್ಷೆಗೆ ಸೇರಿಸುವ ಕೆಲಸ ಮನುಷ್ಯರದು. ನಿಮ್ಮಲ್ಲಿ ಅನೇಕರು ಇಂದು ಎಂಜಿನಿಯರುಗಳು, ಅಧಿಕಾರಿಗಳು. ನಕ್ಷೆಯೊಂದು ಮುಂದೆ ಬಂದಾಗ ಗೆರೆಗಳನ್ನಷ್ಟೇ ನೋಡಬೇಡಿ; ಗೆರೆಯೇ ತಲುಪದ ಊರು ಯಾವುದೆಂದೂ ನೋಡಿರಿ.