ಮಾಯೆಯ ಪಾತ್ರವೂ ಸ್ತ್ರೀದ್ವೇಷದ ಆಕ್ಷೇಪವೂ

ಹಂಪೆಯ ನೆರೆನಾಡಾದ ಕೂಡ್ಲಿಗಿ, ಕೊಟ್ಟೂರು ಸೀಮೆಯ ಕಾವ್ಯಾಭ್ಯಾಸಿಗಳಿಗೆ ಚಾಮರಸನ ‘ಪ್ರಭುಲಿಂಗಲೀಲೆ’ಯ ಮಾಯೆಯು ಅಪರಿಚಿತಳಲ್ಲ. ಆಕೆಯನ್ನು ಒಲ್ಲದವರು ಸ್ತ್ರೀದ್ವೇಷಿಗಳೇ ಎಂಬುದು ವಿಚಾರಾರ್ಹವಾದುದು. ಪ್ರೌಢದೇವರಾಯನ (ಕ್ರಿ. ಶ. 1424–1446) ಕಾಲದ ಈ ಕೃತಿಯಲ್ಲಿ ಮಾಯೆಯು ಪಾರ್ವತಿಯ ತಾಮಸಕಳೆ; ಅಕ್ಕಮಹಾದೇವಿಯು ಸಾತ್ತ್ವಿಕಕಳೆ. ಒಬ್ಬಳು ಅಲ್ಲಮನನ್ನು ಮೋಹದಿಂದ ಗೆಲ್ಲಲೆಳಸಿ ಸೋಲುವಳು. ಮತ್ತೊಬ್ಬಳು ಕಲ್ಯಾಣದ ಶರಣರ ಗೌರವಕ್ಕೆ ಪಾತ್ರಳಾಗುವಳು. ಮೊದಲನೆಯವಳಲ್ಲಿ ಅರುಚಿಯುಳ್ಳ ವಾಚಕನೇ ಎರಡನೆಯವಳಿಗೆ ಕೈಮುಗಿಯುವನಾದ್ದರಿಂದ, ಆ ಅರುಚಿಯು ಗುಣವಿಷಯಕವೇ ಹೊರತು ಸ್ತ್ರೀತ್ವವಿಷಯಕವಲ್ಲ.

ಆದರೆ ಚಾಮರಸನಿಗಿಂತ ಹಿಂದಿನವನಾದ ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಅಲ್ಲಮನ ಪ್ರಿಯೆ ಕಾಮಲತೆ. ಆಕೆಯು ಮಡಿದಾಗ ಅವನು ಶೋಕದಿಂದ ತತ್ತರಿಸುವನು. ಹೀಗೆ ಪ್ರೀತಿಗೆ ಪಾತ್ರಳಾದ ಹೆಣ್ಣಿನ ಸ್ಥಾನದಲ್ಲಿ ಚಾಮರಸನು ಮೋಹದ ಮೂರ್ತಿಯನ್ನಿರಿಸಿದನು. ಆದುದರಿಂದ ಮಾಯೆಯನ್ನು ನಿರಾಕರಿಸುವುದು ದೋಷವಲ್ಲ. ಆ ನಿರಾಕರಣವನ್ನು ಕಾಮಲತೆಯ ಮೇಲೂ ಹೊರಿಸುವುದೇ ದೋಷವು.